ಎರಡೂವರೆ ಸೈರನ್ ಆದ ಮೇಲೆ

ತಿಲಕ್ ನಗರ
ನವೆಂಬರ್ ೪, ಸೋಮವಾರ

ಫ್ಯಾನ್ ಕಾರ್ಖಾನೆ ಆರ್ಕೆಸ್ಟ್ರಾದ ಮಾಜಿ ಗಾಯಕಿಯೂ, ನನಗೆ ತಿಳಿದ ಮಟ್ಟಿಗೆ ನನ್ನ ಹಾಲಿ ಹೆಂಡತಿಯೂ ಆದ ಲತಾಮಣಿಗೆ,

ನಮಸ್ಕಾರ. ಗಂಡ ಹೆಂಡತಿಗೆ ನಮಸ್ಕಾರ ಬರೆಯುವ ರೂಢಿ ಇಲ್ಲವೆಂದು ಗೊತ್ತು. ಆದರೆ ನಾಲ್ಕು ತಿಂಗಳಿಂದ ತಂಗಿಯ ಮನೆಯಲ್ಲಿರುವ ಹೆಂಡತಿಗೆ ‘ಆಶೀರ್ವಾದ’ ಎಂದು ಬರೆಯುವ ಧೈರ್ಯ ಯಾವ ಗಂಡನಿಗಿದೆ?

ಫೋನ್ ಮಾಡಿದರೆ ಸುಧಾಮಣಿ ಎತ್ತಿಕೊಂಡು, “ಅಕ್ಕ ಸ್ನಾನಕ್ಕೆ ಹೋಗಿದ್ದಾಳೆ ಭಾವ” ಅನ್ನುತ್ತಾಳೆ. ವಿಲ್ಸನ್ ಗಾರ್ಡನ್‌ನಲ್ಲಿ ಕಾವೇರಿ ನೀರು ಇಷ್ಟು ಧಾರಾಳವಾಗಿ ಬರುತ್ತದೆಂದು ನನಗೆ ತಿಳಿದಿರಲಿಲ್ಲ. ಮಗಳನ್ನು ಮಧ್ಯಸ್ಥಿಕೆಗೆ ಕರೆದೆ. “ನಿಮ್ಮಿಬ್ಬರ ಡ್ಯೂಯೆಟ್‌ಗೆ ನಾನು ತಬಲಾ ಬಾರ್ಸಲ್ಲಪ್ಪ” ಅಂದುಬಿಟ್ಟಳು ಐಶ್ವರ್ಯ. ಆದ್ದರಿಂದ ಈ ಪತ್ರ.

ಇಲ್ಲಿ ಎಲ್ಲ ಕ್ಷೇಮ. ಸಾರಿಗೆ ಮಾತ್ರ ಎರಡೆರಡು ಸಲ ಉಪ್ಪು ಬೀಳುತ್ತಿದೆ. ಮನೆಯಲ್ಲಿ ಒಬ್ಬನೇ ಇರುವುದರಿಂದ ಅನುಮಾನ ನನ್ನ ಮೇಲೆಯೇ ಬಂದಿದೆ.

ವಿಷಯಕ್ಕೆ ಬರುತ್ತೇನೆ. ಇದು ಸಂಸಾರದ ವಿಷಯವಲ್ಲ, ಇತಿಹಾಸದ ವಿಷಯ. ಹಾಗಾಗಿ ಕೋಪ ಬದಿಗಿಟ್ಟು ಓದು. ಸಿರಿ ಎಂಬ ಹುಡುಗಿ ಬೆಂಗಳೂರಿನ ಕಾರ್ಖಾನೆಗಳ ಸಂಗೀತದ ಚರಿತ್ರೆ ಬರೆಯುತ್ತಿದ್ದಾಳೆ. ಫ್ಯಾಕ್ಟರಿಗೊಂದು ಆರ್ಕೆಸ್ಟ್ರಾ ಇದ್ದ ಕಾಲವೊಂದಿತ್ತಲ್ಲ, ಅದಕ್ಕೂ ಈಗ ಚರಿತ್ರೆಯ ಯೋಗ ಬಂದಿದೆ. ನಮ್ಮ ತಬಲಾ ಭೀಮೇಶ ಬಿಟಿಎಂ ಬಡಾವಣೆಯಲ್ಲಿ ಮನೆಯನ್ನು ಪಿಜಿ ಮಾಡಿಕೊಂಡಿದ್ದಾನೆ, ಅವಳು ಅಲ್ಲಿರುವವಳು. ಅವನೇ ವಿಳಾಸ ಕೊಟ್ಟು ಕಳಿಸಿದ. ಫೋನನ್ನು ನನ್ನ ಮುಂದಿಟ್ಟು, “ಶುರುವಿಂದ ಹೇಳಿ ಅಂಕಲ್, ನಾನು ಮಧ್ಯ ಬಾಯಿ ಹಾಕಲ್ಲ” ಅಂದಳು. ಈ ಮನೆಯಲ್ಲಿ ಇಂಥ ಮಾತು ಕೇಳಿ ಎಷ್ಟು ವರ್ಷವಾಗಿತ್ತೋ. ಹೇಳಿದೆ.

ಪೇಂಟ್ ಶಾಪಿನ ತಿಮ್ಮರಾಯಪ್ಪ ಹಾರ್ಮೋನಿಯಂನಲ್ಲಿ ಸೈರನ್ನಿನ ಸ್ವರ ಹುಡುಕಿ, ಅದನ್ನೇ ನಮ್ಮ ಆರ್ಕೆಸ್ಟ್ರಾದ ಶ್ರುತಿ ಮಾಡಿದ್ದನ್ನು ಹೇಳಿದೆ. ಕಾರ್ಖಾನೆಯವರ ಕಿವಿಯಲ್ಲಿ ಅದು ಆಗಲೇ ಕೂತುಬಿಟ್ಟಿತ್ತಲ್ಲ. ನಾನು ಚೂರು ಕೆಳಗೆ ಜಾರಿದರೆ ಲೇತ್ ನಡೆಸುವವನೂ ಕತ್ತೆತ್ತಿ ನೋಡುತ್ತಿದ್ದ. ನೀನು ಮೊದಲನೇ ಶಿಫ್ಟಿನಲ್ಲಿ ಫ್ಯಾನಿನ ಮೋಟಾರಿಗೆ ತಂತಿ ಸುತ್ತಿ ಎರಡಕ್ಕೆ ಹೊರಗೆ ಬರುತ್ತಿದ್ದೆ. ನಾನು ಎರಡೂವರೆಗೆ ಎರಡನೇ ಶಿಫ್ಟಿಗೆ ಒಳಗೆ ಹೋಗುತ್ತಿದ್ದೆ. ನಡುವಿನ ಅರ್ಧ ಗಂಟೆ ಕ್ಯಾಂಟೀನಿನಲ್ಲಿ ಆರ್ಕೆಸ್ಟ್ರಾ. ಸೈರನ್ ಕೂಗಿದರೆ ನಾನು ಹಾಡುತ್ತಿದ್ದ ಸಾಲನ್ನು ಅಲ್ಲೇ ಬಿಟ್ಟು, ಮೈಕು ಕೆಳಗಿಟ್ಟು, ಕಾರ್ಡ್ ಪಂಚ್ ಮಾಡಲು ಓಡುತ್ತಿದ್ದೆ. ನವೆಂಬರಿನ ಕೆಲಸದ ದಿನವೊಂದರಲ್ಲಿ ನಡೆಯುತ್ತಿದ್ದ ನಮ್ಮ ರಾಜ್ಯೋತ್ಸವದಲ್ಲೂ ಅಷ್ಟೇ. ಹಾಗಾಗಿ ನಮ್ಮ ಕೊನೆಯ ಹಾಡು ಯಾವತ್ತೂ ಪೂರ್ತಿಯಾದದ್ದಿಲ್ಲ ಎಂದು ಸಿರಿಗೆ ಅಧಿಕಾರವಾಣಿಯಿಂದ ತಿಳಿಸಿದೆ. ಅವಳು ಅಧ್ಯಾಯಕ್ಕೆ ‘ಅರ್ಧ ಹಾಡುಗಳ ಆರ್ಕೆಸ್ಟ್ರಾ’ ಎಂದು ಹೆಸರೇ ಇಟ್ಟಿದ್ದಾಳೆ.

ಆಮೇಲೆ ಒಂದು ಹಾಡು ಹೇಳಿ ಅಂದಳು. ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ. ನನ್ನ ಎರಡು ಸಾಲು ಮುಗಿಯಿತು. ಮುಂದಿನದು ನಿನ್ನದು. ಅಡುಗೆಮನೆ ಕಡೆ ನೋಡಿದೆ. ಅವಳೂ ನೋಡಿದಳು. ಆ ಸಾಲುಗಳು ನನಗೆ ಬರುವುದೇ ಇಲ್ಲ, ಲತಾ. ಬೇಕಾದದ್ದೂ ಇಲ್ಲ, ನೀನು ಪಕ್ಕದಲ್ಲೇ ಇರುತ್ತಿದ್ದೆಯಲ್ಲ.

“ಆಂಟಿ ಎಲ್ಲಿ ಅಂಕಲ್?”

“ತರಕಾರಿಗೆ ಹೋಗಿದ್ದಾಳಮ್ಮ.”

ಆ ಹುಡುಗಿ ಇಲ್ಲಿಯವರೆಗೆ ಮೂರು ಸಲ ಬಂದಿದ್ದಾಳೆ. ಮೂರು ಸಲವೂ ನೀನು ತರಕಾರಿಗೇ ಹೋಗಿದ್ದೀಯ. ಈ ಲೆಕ್ಕದಲ್ಲಿ ಜಯನಗರದ ಮಾರುಕಟ್ಟೆಯಲ್ಲಿ ಒಂದು ಕಟ್ಟು ಸೊಪ್ಪೂ ಉಳಿದಿರಲಾರದು. ಕೊನೆಯ ಸಲ ಅವಳು ಬಾಗಿಲ ಹಿಂದೆ ನೇತಾಡುತ್ತಿದ್ದ ತರಕಾರಿ ಚೀಲವನ್ನು ನೋಡಿದಳು. ಆಮೇಲೆ ತಿಮ್ಮರಾಯಪ್ಪನ ಹಾರ್ಮೋನಿಯಂ ಬಗ್ಗೆ ಕೇಳಿದಳು. ಒಳ್ಳೆಯ ಹುಡುಗಿ.

ಒಬ್ಬನೇ ಕೂತು ಯೋಚಿಸಿದಾಗ ನಮ್ಮ ಸಂಸಾರದ ಬಗ್ಗೆ ಒಂದು ಸಿದ್ಧಾಂತ ಹೊಳೆದಿದೆ. ದಿನಕ್ಕೆ ಅರ್ಧ ಗಂಟೆ ಸಿಗುತ್ತಿದ್ದಾಗ ನಾವು ಆದರ್ಶ ದಂಪತಿ. ರಾತ್ರಿ ನಾನು ಬರುವ ಹೊತ್ತಿಗೆ ನಿನಗೆ ನಿದ್ದೆ, ಬೆಳಿಗ್ಗೆ ನೀನು ಹೊರಡುವ ಹೊತ್ತಿಗೆ ನನಗೆ. ಇಷ್ಟಾದರೂ ಐಶ್ವರ್ಯ ಹುಟ್ಟಿದ್ದಕ್ಕೆ ಕಾರ್ಖಾನೆಯ ವಾರದ ರಜೆಗೆ ನಾವು ಋಣಿಗಳು. ಫ್ಯಾನ್ ಕಾರ್ಖಾನೆ ಮುಚ್ಚಿದ ಮೇಲೂ ನಾನು ಬೇರೆ ಕಡೆ ಎರಡನೇ ಶಿಫ್ಟೇ ಹಿಡಿದೆ, ಸಂಸಾರ ಉಳಿಯಿತು. ಕೆಟ್ಟದ್ದು ನಿವೃತ್ತಿಯಿಂದ. ಇಪ್ಪತ್ನಾಲ್ಕು ಗಂಟೆಯನ್ನು ಏನು ಮಾಡಬೇಕೆಂದು ನಮಗೆ ಯಾರೂ ಕಲಿಸಿರಲಿಲ್ಲ.

ನಾನು ಅರ್ಧ ಮಾತಾಡುವುದು, ಉಳಿದರ್ಧ ನೀನು ಮುಗಿಸುವುದು. ಡಾಕ್ಟರ ಮುಂದೆ, ನೆಂಟರ ಮುಂದೆ, ಹಾಲಿನವನ ಮುಂದೆ. ನನಗೆ ಮಂಡಿ ಎಲ್ಲಿ ನೋಯುತ್ತದೆಂದು ನೀನೇ ಹೇಳುತ್ತಿದ್ದೆ, ಸರಿಯಾಗಿಯೇ ಹೇಳುತ್ತಿದ್ದೆ. ಆ ದಿನ ಸುಧಾಮಣಿಯ ಮನೆಯ ಗೃಹಪ್ರವೇಶದಲ್ಲಿ, ಅಷ್ಟು ಜನ ಊಟಕ್ಕೆ ಕೂತಿದ್ದಾಗ, “ನನ್ನ ಮಾತು ಮುಗ್ಸೋಕೆ ನಿನ್ನನ್ನ ಯಾರು ಕರೆದ್ರು?” ಅಂದೆ. ನೀನು ಬಡಿಸುತ್ತಿದ್ದ ಸೌಟನ್ನು ಪಾತ್ರೆಯಲ್ಲಿಟ್ಟೆ. ಅಂದು ನೀನು ಅಲ್ಲೇ ಉಳಿದುಬಿಟ್ಟೆ. ಗೃಹಪ್ರವೇಶಕ್ಕೆ ಹೋದವಳು ಅದನ್ನು ಇಷ್ಟು ಅಕ್ಷರಶಃ ನೆರವೇರಿಸುತ್ತಾಳೆಂದು ನಾನು ಎಣಿಸಿರಲಿಲ್ಲ.

ಈಗ ನನ್ನ ಮಾತೆಲ್ಲ ನಾನೇ ಮುಗಿಸುತ್ತೇನೆ. ಕೇಳಲು ಯಾರೂ ಇಲ್ಲ, ಆ ಮಾತು ಬೇರೆ.

ಬರುವ ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ಸಿರಿ ರೆಕಾರ್ಡಿಂಗಿಗೆ ಬರುತ್ತಾಳೆ. ಭೀಮೇಶ ತಬಲಾ ತರುತ್ತಾನೆ. ಇತಿಹಾಸದ ಹಿತದೃಷ್ಟಿಯಿಂದ ಮಾತ್ರ ನಿನ್ನನ್ನು ಕರೆಯುತ್ತಿದ್ದೇನೆ. ನನಗೆ ವೈಯಕ್ತಿಕವಾಗಿ ಯಾವ ತೊಂದರೆಯೂ ಇಲ್ಲ. ಹಾಡಿ ಹೊರಟುಬಿಡಬಹುದು.

ಇಂತಿ,
ಎರಡನೇ ಶಿಫ್ಟಿನ
ದೇವದಾಸ್

ಮರೆತಿದ್ದೆ: ಮರೆತಿರಲಿಲ್ಲ. ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ.

ನಿನ್ನೆ ಸಿರಿ ಭೀಮೇಶನ ಮನೆಯಲ್ಲಿ ಸಿಕ್ಕಿದ ಹಳೆಯ ಕ್ಯಾಸೆಟ್ಟೊಂದನ್ನು ಕೇಳಿಸಿದಳು. ಯಾವುದೋ ರಾಜ್ಯೋತ್ಸವದ್ದು. ಕೊನೆಯ ಹಾಡು, ಎರಡನೇ ಚರಣ, ನನ್ನ ಸಾಲು. ಸೈರನ್ ಕೂಗಿತು. ಮೈಕು ಕೆಳಗಿಟ್ಟ ಸದ್ದು ಕೇಳಿಸಿತು, ಕುರ್ಚಿಗಳನ್ನು ಎಳೆದ ಸದ್ದು. ಅಲ್ಲಿಗೆ ಮುಗಿಯಿತೆಂದು ನಾನು ಎದ್ದೆ. “ಕೂತ್ಕೊಳ್ಳಿ ಅಂಕಲ್, ಟೇಪ್ ಇನ್ನೂ ಇದೆ” ಅಂದಳು.

ಆ ಸೈರನ್ನಿನ ಶ್ರುತಿ ಹಿಡಿದು ನೀನು ಹಾಡುತ್ತಿದ್ದೆ. ನಾನು ಬಿಟ್ಟುಹೋದ ಸಾಲನ್ನು ನೀನೇ ಎತ್ತಿಕೊಂಡೆ. ಸೈರನ್ ನಿಂತಿತು, ನೀನು ನಿಲ್ಲಿಸಲಿಲ್ಲ. ನನ್ನ ಸಾಲು, ನಿನ್ನ ಸಾಲು, ಮತ್ತೆ ನನ್ನ ಸಾಲು. ಕೊನೆಗೆ ಎರಡೋ ಮೂರೋ ಜನ ಚಪ್ಪಾಳೆ ತಟ್ಟಿದರು.

ಭೀಮೇಶನಿಗೆ ಫೋನ್ ಮಾಡಿದೆ. “ಲೋ, ನಿಂಗೆ ಗೊತ್ತೇ ಇರ್ಲಿಲ್ವಾ? ಲತಕ್ಕ ದಿನಾ ಹಂಗೇ ಅಲ್ವೇನೋ ಮುಗಿಸ್ತಿದ್ದಿದ್ದು. ‘ಅವ್ರ ಹಾಡು ಅರ್ಧಕ್ಕೆ ನಿಂತ್ರೆ ನೋಡೋಕಾಗಲ್ಲ ಭೀಮಣ್ಣ’ ಅನ್ನೋಳು” ಅಂದ. ಅದೆಲ್ಲರಿಗೂ ಗೊತ್ತಿತ್ತಂತೆ. ನಾನೊಬ್ಬ ಒಳಗೆ ಮಿಷನ್ ಮುಂದೆ ನಿಂತಿದ್ದೆ.

ಅಧ್ಯಾಯದ ಹೆಸರು ತಪ್ಪು, ಬದಲಾಯಿಸಮ್ಮ ಎಂದು ಸಿರಿಗೆ ಹೇಳಿದ್ದೇನೆ. ನೀನು ಎಲ್ಲಿದ್ದೀಯೆಂಬುದನ್ನೂ ಹೇಳಿದ್ದೇನೆ.

ಈಗ ಆ ಕಾರ್ಖಾನೆಯ ಜಾಗದಲ್ಲಿ ಅಪಾರ್ಟ್‌ಮೆಂಟ್ ಇದೆ, ಸೈರನ್ ಇಲ್ಲ. ಭಾನುವಾರ ಎರಡೂವರೆಯಾದರೂ ನಾನು ಎದ್ದು ಹೋಗುವುದಿಲ್ಲ. ಹಾಡು ಮುಗಿಯುವವರೆಗೆ ಪಕ್ಕದಲ್ಲೇ ನಿಂತಿರುತ್ತೇನೆ. ನೀನು ಆಮೇಲೂ ಇಲ್ಲೇ ಉಳಿದರೆ ನಾನು

ಇದನ್ನು ನೀನೇ ಮುಗಿಸು.