ಮಂಡಿಯ ತಂತಿಗೆ ಸಿಕ್ಕ ಕಾರ್ಡು

ರೀ,

ಬಸ್ಸಿಗೆ ಹೊತ್ತಾಯಿತು, ಅಕ್ಷರ ಹೇಗಿದ್ದರೂ ಓದಿಕೊಳ್ಳಿ. ನಾಳೆ ಅತ್ತೆಯ ಕಣ್ಣಿನ ಆಪರೇಷನ್ನಿಗೆ ಬೇಕಾದ ಆರೋಗ್ಯ ವಿಮೆಯ ಸ್ಮಾರ್ಟ್ ಕಾರ್ಡನ್ನು ನಿಮ್ಮಪ್ಪ ಕೊಬ್ಬರಿ ಮಂಡಿಯ ಚೀಟಿಗಳ ಜೊತೆ ತಂತಿಗೆ ಚುಚ್ಚಿಟ್ಟಿದ್ದಾರೆ. ದಬ್ಬಳ ಕಾಯಿಸಿ ತೂತು ಮಾಡಿದ್ದು ಸರಿಯಾಗಿ ಆ ಚಿನ್ನದ ಬಣ್ಣದ ಚೌಕದ ನಡುವೆ. ಅತ್ತೆಯ ವಿವರವೆಲ್ಲ ಇದ್ದದ್ದೇ ಆ ಚಿಪ್‌ನೊಳಗೆ.

ಕೇಳಿದ್ದಕ್ಕೆ, "ತೂತು ಹಾಕಕ್ಕೆ ಅಂತ ಅವ್ರೇ ಗುರ್ತು ಮಾಡಿ ಕೊಟ್ಟವ್ರಲ್ಲ ತಾಯಿ" ಅಂದರು. ನಲವತ್ತು ವರ್ಷದಲ್ಲಿ ಆ ತಂತಿಯಿಂದ ಒಂದು ಕಾಗದವೂ ಕಳೆದಿಲ್ಲವಂತೆ. ನಿಜ, ಇದೂ ಕಳೆದಿಲ್ಲ.

ಬೇರೆ ಕಾರ್ಡು ಮಾಡಿಸಲು ಹಾಸನದ ಆಫೀಸಿಗೆ ಹೊರಟಿದ್ದೇನೆ. ಬೆರಳಚ್ಚು ಬೇಕೆಂದು ಅತ್ತೆಯನ್ನೂ ಕರೆದುಕೊಂಡು ಹೋಗುತ್ತಿದ್ದೇನೆ. ಇವತ್ತೇ ಸಿಗದಿದ್ದರೆ ಆಪರೇಷನ್ ಮುಂದಕ್ಕೆ ಹೋಗುತ್ತದೆ.

ಸಾರು ಬಿಸಿ ಮಾಡಿಕೊಳ್ಳಿ. ಮಾವನಿಗೆ ಏನೂ ಅನ್ನಬೇಡಿ. "ಅವಳ ಕಣ್ಣಿಗೇ ಚುಚ್ದಂಗಾಯ್ತು" ಅಂತ ತಿಂಡಿ ಬಿಟ್ಟು ಕೂತಿದ್ದಾರೆ. ಎದುರಿಗೆ ಕೂತು ಊಟ ಮಾಡಿಸಿ.

ಸಂಜೆ ಬಸ್‌ಸ್ಟ್ಯಾಂಡಿಗೆ ಬರುವಾಗ ಸ್ಕೂಟರ್ ತೆಗೆಯದೆ ನಡೆದೇ ಬನ್ನಿ. ನಿಮ್ಮ ಹೊಸ ಲೈಸೆನ್ಸಿನಲ್ಲೂ ಅಂಥದೇ ಚೌಕ ಇತ್ತು. ತಂತಿಯಲ್ಲಿ ಅತ್ತೆಯ ಕಾರ್ಡಿನ ಕೆಳಗೇ ಸಿಕ್ಕಿತು.

ಹೇಮಾ