ಸದ್ದಿಲ್ಲದ ಗಾಡಿ

ಗ್ಯಾರೇಜಿನಿಂದ
ಹದಿನೆಂಟನೇ ತಾರೀಕು, ಬುಧವಾರ ಬೆಳಿಗ್ಗೆ

ಪ್ರೀತಿಯ ಗುಬ್ಬಿ,

ಹೇಗಿದ್ದೀಯಮ್ಮ? ನಿನ್ನ ಸೇತುವೆ ಕೆಲಸ ಎಲ್ಲಿಗೆ ಬಂತು? ಆ ಸಿಮೆಂಟಿನ ಧೂಳಿನಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಳ್ಳದೆ ಓಡಾಡಬೇಡ. ಇಂಜಿನಿಯರಮ್ಮ ಆದ ಮಾತ್ರಕ್ಕೆ ಕೆಮ್ಮು ಹೆದರಿ ದೂರ ನಿಲ್ಲುವುದಿಲ್ಲ. ನಾನು ಗಟ್ಟಿಮುಟ್ಟಾಗಿದ್ದೇನೆ. ನಿಮ್ಮಮ್ಮನ ಮಂಡಿನೋವು ಕಡಿಮೆಯಾಗಿದೆ. ಆದರೆ ಈಚೆಗೆ ಅವಳು ಗೊಣಗುವುದನ್ನೇ ಬಿಟ್ಟಿದ್ದಾಳೆ, ಮದುವೆಯಾದಾಗಿನಿಂದ ಕಾಣದ ವಿಚಿತ್ರ ಇದು. ಅದರ ಮೇಲೂ ಒಂದು ಕಣ್ಣಿಟ್ಟಿದ್ದೇನೆ.

ಈಗ ವಿಷಯಕ್ಕೆ ಬರುತ್ತೇನೆ. ನಿನ್ನ ತಮ್ಮ ಕರೆಂಟ್ ಬೈಕು ತಂದು ಎರಡು ತಿಂಗಳಾಯಿತು. ತಂದದ್ದಿರಲಿ, ಈಗ ನಮ್ಮ ಗ್ಯಾರೇಜನ್ನೇ ಪೂರ್ತಿ ಕರೆಂಟ್ ಗಾಡಿಗಳಿಗೆ ಬಿಟ್ಟುಕೊಡಬೇಕಂತೆ. ಪೆಟ್ರೋಲ್ ಗಾಡಿಗಳನ್ನು ಇನ್ನು ಒಳಗೆ ಬಿಡುವುದೇ ಬೇಡವಂತೆ. “ಅಪ್ಪಾ, ಸಾಕಷ್ಟು ದುಡಿದಿದ್ದೀರ, ಒಂದು ಒಳ್ಳೇ ಕುರ್ಚಿ ಹಾಕಿಸ್ತೀನಿ, ಆರಾಮಾಗಿ ಕೂತ್ಕೊಳ್ಳಿ” ಅಂದ. ಮೂವತ್ತೈದು ವರ್ಷ ನಿಂತುಕೊಂಡೇ ಕೆಲಸ ಮಾಡಿದವನಿಗೆ ಕುರ್ಚಿ! ಕುರ್ಚಿಯಲ್ಲಿ ಕೂತು ನಾನೇನು ನೊಣ ಹೊಡೆಯಲಾ? ಭಾನುವಾರ ತೀರ್ಮಾನವಾಗಬೇಕು, ಅಕ್ಕ, ಅಂದರೆ ನೀನು, ಹೇಳಿದ ಹಾಗೆ ಎಂದು ಇಬ್ಬರೂ ಒಪ್ಪಿದ್ದೇವೆ. ನೀನು ಹೂಂ ಅಂದರೆ ನನ್ನ ಕೆಲಸ ಅವತ್ತಿಗೆ ಮುಗಿಯಿತು. ಆದ್ದರಿಂದ ಅವನ ಮಾತು ಕೇಳುವ ಮುಂಚೆ ನನ್ನದು ಕೇಳು.

ಸುಳ್ಳು ಹೇಳಬಾರದು, ಬೈಕು ಚೆನ್ನಾಗಿದೆ. ಅವನು ಸ್ನಾನಕ್ಕೆ ಹೋದಾಗ ನಾನೂ ಒಂದು ಸುತ್ತು ಓಡಿಸಿ ಬಂದೆ. ಕ್ಲಚ್ಚಿಲ್ಲ, ಗೇರಿಲ್ಲ, ಕೈ ತಿರುಗಿಸಿದರೆ ಸರಕ್ಕನೆ ಹೋಗುತ್ತದೆ, ಏರಿನಲ್ಲೂ ಏದುಸಿರು ಬಿಡುವುದಿಲ್ಲ. ಆಯಿಲ್ ಬದಲಿಸಬೇಕಿಲ್ಲ, ಪ್ಲಗ್ ಉಜ್ಜಬೇಕಿಲ್ಲ, ಹೊಗೆಯಂತೂ ಇಲ್ಲವೇ ಇಲ್ಲ. ಇಷ್ಟೊಂದು ಒಳ್ಳೆಯತನ ಕಂಡರೇ ನನಗೆ ಅನುಮಾನ. ಪೆಟ್ರೋಲ್ ಗಾಡಿ ಬಡಪಾಯಿ, ಹೊಟ್ಟೆಯಲ್ಲಿ ಗುಟ್ಟು ಇಟ್ಟುಕೊಳ್ಳುವುದಿಲ್ಲ. ನೀಲಿ ಹೊಗೆ ಬಿಟ್ಟರೆ ಆಯಿಲ್ ಸುಡುತ್ತಿದೆ, ಕಪ್ಪು ಹೊಗೆ ಬಿಟ್ಟರೆ ಪೆಟ್ರೋಲ್ ಹೆಚ್ಚಾಗಿದೆ. ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಇಟ್ಟು ಹಿಡಿಯನ್ನು ಕಿವಿಗೆ ಒತ್ತಿಕೊಂಡರೆ ಸಾಕು, ಎಲ್ಲಿ ನೋವು ಅಂತ ತಾನೇ ಹೇಳುತ್ತದೆ. ಈ ಮಹಾರಾಯನದೋ, ಬ್ಯಾಟರಿ ಪೆಟ್ಟಿಗೆಗೆ ಮುದ್ರೆ ಹೊಡೆದು ಮೇಲೆ ‘ತೆರೆಯಬೇಡಿ’ ಎಂದು ಚೀಟಿ ಅಂಟಿಸಿದ್ದಾರೆ. ಕಾಯಿಲೆ ಏನು ಅಂತ ಫೋನನ್ನು ಕೇಳಬೇಕಂತೆ! ಅದನ್ನು ಮಾರಿದ ಶೋರೂಮಿನವನು ವಾರಕ್ಕೆರಡು ಸಲ ಬರುತ್ತಾನೆ. ಅವನೂ ನಿನ್ನ ತಮ್ಮನೂ ಟೈರುಗಳ ಹತ್ತಿರ ನಿಂತು ಪಿಸುಪಿಸು ಮಾಡುತ್ತಾರೆ. ತುಟಿ ಅಲ್ಲಾಡುವುದು ಕಾಣುತ್ತದೆ, ಒಂದು ಮಾತೂ ಇತ್ತ ಬರುವುದಿಲ್ಲ.

ಅದೆಲ್ಲ ಹೋಗಲಿ, ಆ ಬೈಕಿಗೆ ಸದ್ದೇ ಇಲ್ಲ. ಮೊನ್ನೆ ನನ್ನ ಬೆನ್ನ ಹಿಂದೆಯೇ ಬಂದು ನಿಂತಿತ್ತು. ತಿರುಗಿ ನೋಡಿದವನು ಬೆಚ್ಚಿಬಿದ್ದೆ, ಕೈಯಲ್ಲಿದ್ದ ನಟ್ಟುಗಳೆಲ್ಲ ಚೆಲ್ಲಾಪಿಲ್ಲಿ. ಇಂಥದ್ದು ರಸ್ತೆಯಲ್ಲಿ ಓಡಾಡಿದರೆ ಜನ ಸಾಯುತ್ತಾರೆ ಅಂದೆ. “ಸಣ್ಣಗೆ ಜೊಂಯ್ ಅನ್ನುತ್ತಲ್ಲಪ್ಪಾ” ಅಂದ ಇವನು. ನಿಮ್ಮಮ್ಮನೂ “ಹೌದು ಕಣ್ರೀ, ಸೊಳ್ಳೆ ಥರ” ಅಂದಳು. ತಾಯಿ ಮಗ ಸೇರಿಕೊಂಡು ನನ್ನನ್ನು ಮಂಗ ಮಾಡುತ್ತಿದ್ದಾರೆ ಅನ್ನಿಸಿ, ಪಕ್ಕದಂಗಡಿಯ ಟೈಲರ್ ಒಬ್ಬರೇ ಇದ್ದಾಗ ಹೋಗಿ ಕೇಳಿದೆ. ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಅವರೂ “ಜೊಂಯ್” ಅಂದರು! ನಿನ್ನ ತಮ್ಮ ಪ್ಯಾಂಟು ಹೊಲಿಸುವುದು ಅವರ ಹತ್ತಿರವೇ. ಮೊದಲೇ ಹೇಳಿಕೊಟ್ಟಿದ್ದಾನೆ, ಇನ್ನೇನು.

ಇವನಿಗೆ ಇಷ್ಟು ಧೈರ್ಯ ಬಂದದ್ದು ಪೋಸ್ಟ್‌ಮ್ಯಾನ್ ಬಿದ್ದ ಮೇಲೆ. ಹೋದ ವಾರ ಅವರು ತಮ್ಮ ಪೆಟ್ರೋಲ್ ಬೈಕು ತಂದು “ಮೇಸ್ತ್ರೀ, ಒಳಗೇನೋ ಕಿರ್ ಕಿರ್ ಅಂತಿದೆ, ನೋಡಿ” ಅಂದರು. ನಾನು ಸ್ಕ್ರೂಡ್ರೈವರ್ ಇಟ್ಟು ಕೇಳಿದೆ, ಏನೂ ಇರಲಿಲ್ಲ. ಗಾಡಿ ಗುಂಡುಕಲ್ಲಿನ ಹಾಗಿದೆ ಎಂದು ಕಳಿಸಿದೆ. ಎರಡೇ ದಿನಕ್ಕೆ ನಡುರಸ್ತೆಯಲ್ಲಿ ಇಂಜಿನ್ನಿನೊಳಗಿನ ಟೈಮಿಂಗ್ ಚೈನು ತುಂಡಾಗಿ, ಗಾಡಿ ಗಕ್ಕನೆ ಕಚ್ಚಿಕೊಂಡು ನಿಂತು, ಅವರು ಬಿದ್ದರು. ಹಿಂದೆ ಬರುತ್ತಿದ್ದ ಲಾರಿಯವನು ಬ್ರೇಕ್ ಹಾಕಿದ, ಮೊಣಕೈ ತರಚಿದ್ದಷ್ಟೇ ಆಯಿತು. ಆ ಚೈನು ಹಿಂದೆ ಹಾಕಿಕೊಟ್ಟವನು ನಾನೇ, ನನಗೆ ಯಾವನೋ ನಕಲಿ ಚೈನು ಕೊಟ್ಟು ಟೋಪಿ ಹಾಕಿರಬೇಕು. ನಿನ್ನ ತಮ್ಮ ನನ್ನ ಮುಖವನ್ನೇ ನೋಡುತ್ತಾ ನಿಂತ. ಮಾರನೆಯ ದಿನ ಈ ಕುರ್ಚಿಯ ಮಾತು ತೆಗೆದ.

ಆದ್ದರಿಂದ ಅವನಿಗೆ ಒಂದು ಸಾಲು ಬರೆದು ಹಾಕು. ಅವನು ಬೇಕಾದರೆ ಒಂದು ಮೂಲೆಯಲ್ಲಿ ಕರೆಂಟ್ ಕೆಲಸ ಇಟ್ಟುಕೊಳ್ಳಲಿ, ಪೆಟ್ರೋಲ್ ಗಾಡಿಗಳು ಅಪ್ಪನ ಕೈಯಲ್ಲೇ ಇರಲಿ ಎಂದು ಖಡಾಖಂಡಿತವಾಗಿ ಹೇಳು. ನೀನು ಹೇಳಿದರೆ ಕೇಳುತ್ತಾನೆ, ಚಿಕ್ಕಂದಿನಿಂದ ನಿನಗೊಬ್ಬಳಿಗೇ ಹೆದರುವುದು. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಸೇತುವೆಯೂ ನೀನೂ ನೂರು ಕಾಲ ಗಟ್ಟಿಯಾಗಿರಿ.

ಇಂತಿ,
ಮಸಿ ಕೈಯ ನಿಮ್ಮಪ್ಪ

ವಿ.ಸೂ.: ಕವರಿಗೆ ಅಂಟು ಹಚ್ಚುವ ಮುಂಚೆ ಹೋಗಿ ಆ ತುಂಡಾದ ಚೈನನ್ನು ಬೆಳಕಿಗೆ ಹಿಡಿದು ನೋಡಿದೆ. ನಕಲಿಯಲ್ಲ. ಅಸಲಿ ಚೈನೇ, ಸವೆದು ಜೋಲುಬಿದ್ದು ವಾರಗಟ್ಟಲೆ ಒಳಗೆ ಉಜ್ಜಿದ ಗುರುತಿದೆ. ಅಷ್ಟು ಸವೆದದ್ದು ಕಿರುಚದೆ ಇರುವುದಿಲ್ಲ. ಪೋಸ್ಟ್‌ಮ್ಯಾನಿಗೆ ಕೇಳಿಸಿದೆ, ನನಗೆ ಕೇಳಿಸಿಲ್ಲ ಗುಬ್ಬಿ. ಆ ಜೊಂಯ್ ಅನ್ನುವುದೂ ನಿಜವೇ ಇರಬೇಕು. ಭಯವಾಗುತ್ತಿದೆ. ಮೇಲೆ ಬರೆದದ್ದನ್ನೆಲ್ಲ ಬಿಟ್ಟುಬಿಡು, ತಮ್ಮನಿಗೆ ಹೂಂ ಅನ್ನು. ರಜ ಹಾಕಿ ಬಂದು ನನ್ನನ್ನು ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು, ಅವನ ಜೊತೆ ಹೋಗಲು ನಾಚಿಕೆ. ಫೋನ್ ಮಾಡಬೇಡ, ಕಾಗದ ಬರೆ. ಎಷ್ಟೋ ತಿಂಗಳಿಂದ ನೀನು ಫೋನಿನಲ್ಲಿ ಹೇಳಿದ್ದಕ್ಕೆಲ್ಲ ಅಂದಾಜಿನ ಮೇಲೆ ಉತ್ತರ ಕೊಡುತ್ತಿದ್ದೇನೆ. ಹೋದ ಭಾನುವಾರ ನೀನು ಏನೋ ಮೆಲ್ಲಗೆ ಹೇಳಿದೆ, ನಾನು “ಒಳ್ಳೇದೇ ಆಯ್ತು ಬಿಡಮ್ಮ” ಅಂದೆ, ನೀನು ಫೋನ್ ಇಟ್ಟುಬಿಟ್ಟೆ. ಏನು ಹೇಳಿದ್ದೆ ಮಗಳೇ?