ಬಾಣಂತಿ ಕೋಣೆಯ ದೀಪಕ್ಕೆ ಮುಚ್ಚಳ ಹಾಕಿಸಿದವರಿಗೆ

ಪುಣೆ, ೧೯೪೨

ಮಾನ್ಯ ದೀಪನಿಯಂತ್ರಣಾಧಿಕಾರಿಗಳೇ,

ಯುದ್ಧವಿಮಾನಗಳಿಗೆ ಬೆಳಕು ಕಾಣಬಾರದೆಂದು ತಾವು ದೀಪಕ್ಕೆ ಹಾಕಿಸಿದ ತಗಡಿನ ಮುಚ್ಚಳ ನನ್ನ ಹಸುಗೂಸನ್ನು ಕೊಂದಿತು. ಅಭಿನಂದನೆಗಳು. ಅಂದು ಶತ್ರುವಿನ ಒಂದು ವಿಮಾನವೂ ಇತ್ತ ಸುಳಿಯಲಿಲ್ಲ.

ನಾನು ದೌಂಡಿನ ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುವವನು. ಹುಡುಗರಿಗೆ ಹೇಳುವುದನ್ನೇ ತಮಗೂ ಹೇಳುತ್ತೇನೆ, ದಯವಿಟ್ಟು ಆಕಳಿಸಬೇಡಿ. ಸೀಮೆಎಣ್ಣೆಯ ಆವಿ ಜ್ವಾಲೆಯ ಬಿಸಿಗೆ ಒಡೆದು ಇಂಗಾಲದ ಸಣ್ಣ ಕಣಗಳಾಗುತ್ತದೆ. ಆ ಕಣಗಳು ಕಾದು ಹೊಳೆಯುವುದರಿಂದಲೇ ಜ್ವಾಲೆ ಹಳದಿ. ಅಂದರೆ ಮಸಿ ಎಲ್ಲ ದೀಪದಲ್ಲೂ ಹುಟ್ಟುತ್ತದೆ. ಜ್ವಾಲೆಯ ಅಂಚಿನಲ್ಲಿ ಸಾಕಷ್ಟು ಗಾಳಿ ಸಿಕ್ಕರೆ ಅಲ್ಲೇ ಉರಿದು ಇಲ್ಲವಾಗುತ್ತದೆ. ದೀಪಕ್ಕೆ ಗಾಜು ಹಾಕುವುದು ಆ ಗಾಳಿಯನ್ನು ಕೆಳಗಿನಿಂದ ಎಳೆದುಕೊಳ್ಳಲಿ ಎಂದು. ಗಾಜಿನ ಬಾಯಿ ಮುಚ್ಚಿದರೆ ಗಾಳಿ ಹರಿಯುವುದಿಲ್ಲ. ಉರಿಯದ ಮಸಿ ವಿಷದ ಹೊಗೆಯ ಜೊತೆ ಕೋಣೆ ತುಂಬುತ್ತದೆ. ಇಷ್ಟು ತಿಳಿಯಲು ಯಾವ ಪದವಿ ಬೇಕಿತ್ತು? ತಮ್ಮ ಹೆಸರಿನ ಮುಂದೆ ಬೇಕಾದಷ್ಟು ಇವೆಯಲ್ಲ.

ಬಾಣಂತಿ ಕೋಣೆಯಲ್ಲಿ ದೀಪ ಆರಬಾರದು, ಗಾಳಿ ಆಡಬಾರದು ಎಂಬುದು ನಮ್ಮ ಪದ್ಧತಿ. ತಾವು ಹೇಳಿದ ಕಪ್ಪು ಕಾಗದವನ್ನೂ ಕಿಟಕಿಗೆ ಹಚ್ಚಿದ್ದೆವು. ಒಂದೆಳೆ ಬೆಳಕೂ ಹೊರಗೆ ಬೀಳುತ್ತಿರಲಿಲ್ಲ. ಆದರೂ ತಮ್ಮ ಇನ್ಸ್‌ಪೆಕ್ಟರು, ಅವರೂ ನಮ್ಮ ಬೆಳಗಾವಿ ಕಡೆಯವರೇ, ಒಳಗೆ ಬಂದು ಸ್ವಂತ ಕೈಯಿಂದ ಮುಚ್ಚಳ ಹಾಕಿದರು. ನಾನು ಆಗ ದೌಂಡಿನಲ್ಲಿದ್ದೆ. ನನ್ನ ತಾಯಿ ಸಾವಂತ್ರವ್ವ ಅವರಿಗೆ ಕೈಮುಗಿದಳಂತೆ.

“ಸಾಹೇಬ್ರ, ಕಾಡಿಗಿ ಮಾಡೂಮುಂದ ನಾವು ದೀಪದ ಮ್ಯಾಲೆ ಹಿಂಗ ತಾಟು ಹಿಡಿತೀವ್ರಿ. ಕೂಸು ಮಲಗೂ ಖೋಲ್ಯಾಗ ಬ್ಯಾಡ್ರಿ.”

“ಕೆಮ್ಮಿದ್ರ ಯಾರೂ ಸಾಯೂದಿಲ್ಲಜ್ಜಿ, ಬಾಂಬ್ ಬಿದ್ರ ಸಾಯ್ತಾರ. ಮುಚ್ಚಳಾ ತಗದ್ರ ನಿನ್ನ ಮಗಾ ಜೇಲಿಗೆ ಹೋಗ್ತಾನ, ನೆನಪಿರ್ಲಿ.”

ಮಗ ಜೈಲಿಗೆ ಹೋಗಬಾರದೆಂದು ಅವ್ವ ಮುಚ್ಚಳ ಮುಟ್ಟಲಿಲ್ಲ. ಬೆಳಗಿನ ರೈಲಿಗೆ ನಾನು ಪುಣೆಯ ಮನೆಗೆ ಬಂದಾಗ ಕೂಸಿನ ಮೂಗಿನ ಸುತ್ತ ಕಪ್ಪು ಕಟ್ಟಿತ್ತು. ನನ್ನ ಹೆಂಡತಿ ಅಂಬಾ ಕೆಮ್ಮುತ್ತಲೇ ಅದನ್ನು ಸೆರಗಿನಿಂದ ಒರೆಸುತ್ತಿದ್ದಳು. ಅವಳು ಬದುಕಿದ್ದಾಳೆ, ಅದೂ ತಮ್ಮ ಕೃಪೆಯೇ ಇರಬೇಕು. ದೂರು ಹಿಡಿದು ಕಚೇರಿಗೆ ಬಂದವನಿಗೆ ತಾವು, ನಿಯಮ ಎಲ್ಲರಿಗೂ ಒಂದೇ ಎಂದಿರಿ. ನನಗೆ ತಮ್ಮ ಕುತ್ತಿಗೆ ಹಿಸುಕಬೇಕೆನಿಸಿತು.

ಪಕ್ಕದ ಮನೆಯ ಉಮಾವತಿಗೆ ದಿನ ತುಂಬಿವೆ. ಅವಳ ಕೋಣೆಯ ದೀಪಕ್ಕೂ ಮುಚ್ಚಳ ಬಿದ್ದಿದೆ. ಈ ಪತ್ರ ಪತ್ರಿಕೆಯಲ್ಲಿ ಅಚ್ಚಾದ ದಿನವೇ ಆಜ್ಞೆಯನ್ನು ಹಿಂದಕ್ಕೆ ಪಡೆಯಿರಿ. ಆಗದಿದ್ದರೆ ತಮ್ಮ ಮೊಮ್ಮಗನನ್ನು ಎತ್ತಿಕೊಂಡು ನಮ್ಮ ಮನೆಗೆ ಬನ್ನಿ, ನಮ್ಮ ಬಾಣಂತಿ ಕೋಣೆ ಈಗ ಖಾಲಿ ಇದೆ. ಬಾಗಿಲು ಹಾಕಿಕೊಂಡು ಕುಳಿತುಕೊಳ್ಳಿ. ಮುಚ್ಚಳವನ್ನು ನಾನು ಹಾಕುತ್ತೇನೆ.

ಇಂತಿ,
ತೊಟ್ಟಿಲಿಗೆ ಹಾಕುವ ಮೊದಲೇ ಮಗಳನ್ನು ಮಣ್ಣು ಮಾಡಿದ,
ತಮ್ಮ ರಕ್ಷಣೆಯಲ್ಲಿರುವ ಪ್ರಜೆ
ಶಿವಪುತ್ರಪ್ಪ